ರೂಪದ ಋಣ

ಒಂದು ಕೃತಿಯನ್ನು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ತಂದವರನ್ನು ನಾವು ಎರಡು ಬಗೆಯ ಮಾತುಗಳಿಂದ ಅಳೆಯುತ್ತೇವೆ. ‘ಚೆನ್ನಾಗಿದೆ, ಚೆನ್ನಾಗಿಲ್ಲ’ ಎಂಬುದು ಒಂದು ಬಗೆ. ಅದು ರುಚಿಯ ಮಾತು. ‘ಮೂಲಕ್ಕೆ ನಿಷ್ಠವಾಗಿದೆ, ಮೂಲಕ್ಕೆ ದ್ರೋಹ ಮಾಡಿದೆ’ ಎಂಬುದು ಇನ್ನೊಂದು ಬಗೆ. ಅದು ನೀತಿಯ ಮಾತು. ನಿಷ್ಠೆ, ದ್ರೋಹ, ಋಣ, ವಂಚನೆ—ಇವೆಲ್ಲ ಮನುಷ್ಯರು ಮನುಷ್ಯರೊಡನೆ ನಡೆದುಕೊಳ್ಳುವ ರೀತಿಯನ್ನು ಹೇಳುವುದಕ್ಕೆ ಹುಟ್ಟಿದ ಶಬ್ದಗಳು. ಅವನ್ನು ಒಂದು ಅಂಗಿಯ ಬಣ್ಣಕ್ಕೆ, ಒಂದು ಮೂಗಿನ ಗೆರೆಗೆ ಹಚ್ಚುವುದು ಸರಿಯೆ? ಗೆರೆ ಬದಲಾಯಿತೆಂದರೆ ಯಾರಿಗೆ ಏನು ಅನ್ಯಾಯವಾಯಿತು?

ಈ ಪ್ರಶ್ನೆ ಇಂದು ಅತ್ಯಂತ ಬಿರುಸಾಗಿ ಏಳುತ್ತಿರುವುದು ಸಾಹಿತ್ಯದಲ್ಲಲ್ಲ, ನಾಟಕದಲ್ಲೂ ಅಲ್ಲ. ವಿಡಿಯೊ ಆಟಗಳನ್ನು ಜಪಾನೀಯರು ‘ಆನಿಮೆ’ ಎಂದು ಕರೆಯುವ ಚಲಿಸುವ ಚಿತ್ರಕಥೆಗಳನ್ನಾಗಿ ಮಾರ್ಪಡಿಸಿದಾಗಲೆಲ್ಲ ಅದು ಏಳುತ್ತದೆ. ಆಟವನ್ನು ಆಡಿದವರು ಕಥೆಯನ್ನು ನೋಡಲು ಕೂರುತ್ತಾರೆ. ಕೂತ ಐದು ನಿಮಿಷದಲ್ಲೇ ‘ಇವನು ಅವನಲ್ಲ’ ಎಂಬ ಆಕ್ಷೇಪ ಹೊರಡುತ್ತದೆ. ಕೂದಲಿನ ಛಾಯೆ ಬೇರೆ, ಕವಚದ ಗುಂಡಿಗಳು ಕಡಮೆ, ಊರಿನ ಬೀದಿ ಅಗಲ. ಹಿರಿಯ ಓದುಗರು, ಮಕ್ಕಳ ಆಟದ ಗೊಡವೆ ಇಷ್ಟು ದೊಡ್ಡ ಮಾತುಗಳಿಗೆ ಪಾತ್ರವೆ ಎಂದು ನಕ್ಕಾರು. ನಗಲಿ. ಆದರೆ ಸಾದೃಶ್ಯ ಎಂದರೇನು ಎಂದು ತರಗತಿಯಲ್ಲಿ ಇಪ್ಪತ್ತು ವರ್ಷ ಕಾವ್ಯಮೀಮಾಂಸೆಯ ಪುಸ್ತಕ ಹಿಡಿದು ಹೇಳಿಕೊಂಡು ಬಂದ ನನಗೆ, ಆ ಪ್ರಶ್ನೆ ಅಷ್ಟು ಹಸಿಹಸಿಯಾಗಿ, ಅಷ್ಟು ನೋವಿನಿಂದ ಕೇಳಿಬಂದುದು ಈ ಹುಡುಗರ ಬಾಯಲ್ಲೇ. ಆದ್ದರಿಂದ ಅದನ್ನು ಅವರ ನೆಲದಲ್ಲೇ ನಿಂತು ವಿಚಾರಿಸುವುದು ನ್ಯಾಯ.

ಮೊದಲು ‘ಮೂಲ’ ಎಂದರೆ ಯಾವುದು ಎಂಬುದನ್ನು ನೋಡೋಣ. ಎಲ್ಲರೂ ಹೆಸರು ಕೇಳಿರಬಹುದಾದ ‘ಪೊಕೆಮಾನ್’ ಅನ್ನೇ ತೆಗೆದುಕೊಳ್ಳಬಹುದು. ೧೯೯೬ರ ಫೆಬ್ರವರಿ ೨೭ರಂದು ಜಪಾನಿನಲ್ಲಿ, ನಿಂಟೆಂಡೊ ಸಂಸ್ಥೆಯ ‘ಗೇಮ್ ಬಾಯ್’ ಎಂಬ ಕೈಯಂತ್ರಕ್ಕಾಗಿ ಈ ಆಟದ ಕೆಂಪು, ಹಸಿರು ಎಂಬ ಎರಡು ಪಾಠಗಳು ಹೊರಬಂದವು. ಆ ಯಂತ್ರದ ಪರದೆ ಅಡ್ಡಕ್ಕೆ ೧೬೦, ಉದ್ದಕ್ಕೆ ೧೪೪ ಚುಕ್ಕಿಗಳಷ್ಟು. ಅದು ತೋರಬಲ್ಲದ್ದು ನಾಲ್ಕೇ ನಾಲ್ಕು ಛಾಯೆ. ಎದುರಿಗೆ ಬಂದು ನಿಂತ ಪ್ರಾಣಿಯ ಚಿತ್ರಕ್ಕೆ ದೊರೆಯುತ್ತಿದ್ದ ಜಾಗ ಹೆಚ್ಚೆಂದರೆ ೫೬ಕ್ಕೆ ೫೬ ಚುಕ್ಕಿ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಇಡುವ ರಂಗೋಲಿಗಿಂತ ಚುಕ್ಕಿ ಹೆಚ್ಚು ನಿಜ, ಆದರೆ ಅಷ್ಟರಲ್ಲೇ ಕಣ್ಣು, ಕಿವಿ, ಕೋಪ, ಮೈಯ ತೂಕ ಎಲ್ಲವನ್ನೂ ತೋರಬೇಕು. ಬಣ್ಣವಂತೂ ಇಲ್ಲವೇ ಇಲ್ಲ. ಪಿಕಾಚು ಹಳದಿ ಎಂದು ಆಟಗಾರನಿಗೆ ಗೊತ್ತಾದುದು ಕೈಯಂತ್ರದ ಪರದೆಯಿಂದಲ್ಲ. ಕೆನ್ ಸುಗಿಮೋರಿ ಎಂಬ ಕಲಾವಿದ ನೀರುಬಣ್ಣದಲ್ಲಿ ಬರೆದು, ಅಚ್ಚಾಗಿ ಬಂದ ಚಿತ್ರಗಳಿಂದ.

ಅಷ್ಟೇ ಅಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ನೀಲಿ ಎಂಬ ಮೂರನೆಯ ಪಾಠ ಬಂದಾಗ ಪ್ರಾಣಿಗಳ ಚಿತ್ರಗಳನ್ನು ಮತ್ತೆ ಹೊಸದಾಗಿ ಬರೆದಿದ್ದರು. ಮೊದಲು ದುಂಡುದುಂಡಾಗಿದ್ದ ಪಿಕಾಚು ವರ್ಷಗಳು ಕಳೆದಂತೆ ತೆಳ್ಳಗಾಯಿತು. ಹೀಗಿರುವಾಗ, ೧೯೯೭ರ ಏಪ್ರಿಲ್ ೧ರಂದು ಟೆಲಿವಿಷನ್ನಿನಲ್ಲಿ ಮೊದಲ ಕಂತು ಬಂದ ಆನಿಮೆ ಯಾವುದನ್ನು ಹೋಲಬೇಕಾಗಿತ್ತು? ಬೂದುಚುಕ್ಕಿಗಳನ್ನೆ, ನೀರುಬಣ್ಣವನ್ನೆ, ಮೊದಲ ಪಾಠವನ್ನೆ, ತಿದ್ದಿದ ಪಾಠವನ್ನೆ? ಹಳಗನ್ನಡದ ಓಲೆಗಳನ್ನು ಸಂಪಾದಿಸಿದವರಿಗೆ ಈ ತೊಡಕು ಚೆನ್ನಾಗಿ ಗೊತ್ತು. ಪ್ರತಿಗಳಿವೆ, ಪಾಠಾಂತರಗಳಿವೆ, ಕವಿಯ ಹಸ್ತಪ್ರತಿಯೊಂದೇ ಇಲ್ಲ. ಮೂಲವೆಂಬುದು ಮುಂದೆ ಇಟ್ಟು ತೋರಿಸಬಹುದಾದ ಒಂದು ವಸ್ತುವಲ್ಲ. ಹಲವು ಪ್ರತಿಗಳ ನಡುವೆ ನಾವು ಊಹಿಸಿಕೊಂಡ ಒಂದು ರೂಪ.

ಮೂಲ ಯಾವುದೆಂಬುದು ಕಣ್ಣಿನ ಸರದಿಯನ್ನೂ ಅವಲಂಬಿಸಿದೆ. ನಮ್ಮ ನಾಡಿನ ಮಕ್ಕಳಲ್ಲಿ ಹೆಚ್ಚಿನವರು ಗೇಮ್ ಬಾಯ್ ಯಂತ್ರವನ್ನು ಕಂಡವರೇ ಅಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಕೇಬಲ್ ವಾಹಿನಿಯಲ್ಲಿ ಹಿಂದಿಯಲ್ಲಿ ಬರುತ್ತಿದ್ದ ಆನಿಮೆಯೇ ಅವರಿಗೆ ಪೊಕೆಮಾನ್. ನನ್ನ ವಿದ್ಯಾರ್ಥಿಯೊಬ್ಬ ಹಾಗೆ ಬೆಳೆದವನು. ಮುಂದೆ ದೊಡ್ಡವನಾದ ಮೇಲೆ ಯಾವುದೋ ಉಪಾಯದಿಂದ ಹಳೆಯ ಆಟವನ್ನು ದೂರವಾಣಿಯಲ್ಲಿ ಆಡಿ ಬಂದು, “ಸಾರ್, ಆಟ ಕಥೆಗೆ ನಿಷ್ಠವಾಗಿಲ್ಲ” ಎಂದು ದೂರಿದ! ನಗು ಬಂದರೂ ಅವನ ಮಾತನ್ನು ತಳ್ಳಿಹಾಕಲು ನನ್ನಲ್ಲಿ ವಾದವಿರಲಿಲ್ಲ. ಕಾಲದಲ್ಲಿ ಮೊದಲು ಹುಟ್ಟಿದ್ದು ಬೇರೆ, ಮನಸ್ಸಿನಲ್ಲಿ ಮೊದಲು ಕೂತದ್ದು ಬೇರೆ. ನಿಷ್ಠೆಯನ್ನು ಕೇಳುವುದು ಸಾಮಾನ್ಯವಾಗಿ ಎರಡನೆಯದು.

ಇಲ್ಲಿ ನಮ್ಮ ಮೀಮಾಂಸಕರ ಒಂದು ಹಳೆಯ ಜಗಳ ನೆನಪಾಗುತ್ತದೆ. ಶ್ರೀಶಂಕುಕನೆಂಬವನು ರಸಸೂತ್ರಕ್ಕೆ ವ್ಯಾಖ್ಯಾನ ಹೇಳುತ್ತ ಚಿತ್ರದ ಕುದುರೆಯ ದೃಷ್ಟಾಂತವನ್ನು ಕೊಟ್ಟ. ಗೋಡೆಯ ಮೇಲಿನ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುತ್ತೇವೆ. ಆ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಇದು ಕುದುರೆಯೋ ಅಲ್ಲವೋ ಎಂಬ ಸಂಶಯವೂ ಅಲ್ಲ, ಕುದುರೆಯ ಹಾಗಿದೆ ಎಂಬ ಬರಿಯ ಹೋಲಿಕೆಯೂ ಅಲ್ಲ. ಈ ನಾಲ್ಕಕ್ಕೂ ಸೇರದ ಐದನೆಯ ಬಗೆಯ ಅರಿವು ಅದು. ರಾಮನ ಪಾತ್ರ ಕಟ್ಟಿದ ನಟನನ್ನು ಕಂಡು ‘ಇವನು ರಾಮ’ ಎಂದುಕೊಳ್ಳುವುದೂ ಅಂಥದೇ ಎಂದು ಅವನ ವಾದ. ನಟ ರಾಮನನ್ನು ಅನುಕರಿಸುತ್ತಾನೆ. ಅಭಿನವಗುಪ್ತನ ಗುರು ಭಟ್ಟತೌತ ಇದನ್ನು ಒಪ್ಪಲಿಲ್ಲ. ಅವನ ಆಕ್ಷೇಪಗಳಲ್ಲಿ ಒಂದು ತೀರ ಸರಳ: ಅನುಕರಣ ಎನ್ನಬೇಕಾದರೆ ಅನುಕರಿಸಿದ ವಸ್ತುವನ್ನು ಮೊದಲು ಕಂಡಿರಬೇಕಷ್ಟೆ, ರಾಮನನ್ನು ಕಂಡವರು ಯಾರು? ಮೂಲವನ್ನೇ ಕಾಣದವನು ನಕಲು ಚೆನ್ನಾಗಿದೆ ಎಂದು ಹೇಗೆ ಹೇಳಿಯಾನು?

ನಾಟಕಕ್ಕೆ ಈ ಆಕ್ಷೇಪ ಗಟ್ಟಿಯಾದದ್ದು. ಪಂಪ ತನ್ನ ಅರ್ಜುನನನ್ನು ಕಟ್ಟಿದಾಗ, ಕುಮಾರವ್ಯಾಸ ತನ್ನ ಕೃಷ್ಣನನ್ನು ಕಂಡಾಗ, ಯಾವ ಓದುಗನೂ ಎದ್ದು ನಿಂತು ‘ನಾನು ಕಂಡ ಅರ್ಜುನನಿಗೆ ಮೀಸೆ ಹೀಗಿರಲಿಲ್ಲ’ ಎನ್ನಲಾರ. ಆದರೆ ವಿಡಿಯೊ ಆಟದ ವಿಷಯದಲ್ಲಿ ತೌತನ ಆಕ್ಷೇಪ ತಲೆಕೆಳಗಾಗುತ್ತದೆ. ಇಲ್ಲಿ ರಾಮನನ್ನು ಎಲ್ಲರೂ ಕಂಡಿದ್ದಾರೆ. ಕಂಡದ್ದು ಮಾತ್ರವಲ್ಲ, ನೂರು ಗಂಟೆ ಅವನ ಜೊತೆ ನಡೆದಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಅಷ್ಟು ಹೊತ್ತೂ ತಾವೇ ರಾಮನಾಗಿದ್ದಾರೆ. ಆಕ್ಷೇಪದ ನೋವಿಗೆ ಕಾರಣ ಇದೇ ಎಂದು ನನಗೆ ತೋರುತ್ತದೆ. ಅಂಗಿಯ ಬಣ್ಣ ಬದಲಾಯಿತೆಂಬ ದೂರಿನ ಒಳಗೆ ‘ಅದು ನನ್ನ ಅಂಗಿಯಾಗಿತ್ತು’ ಎಂಬ ದೂರು ಅಡಗಿದೆ.

ಪೊಕೆಮಾನ್ ಆಟದ ನಾಯಕನಿಗೆ ಆಟಗಾರ ತನಗೆ ಬೇಕಾದ ಹೆಸರಿಡಬಹುದು. ಅವನು ಮಾತಾಡುವುದಿಲ್ಲ, ಏಕೆಂದರೆ ಅವನ ಮಾತು ಆಟಗಾರನ ಮನಸ್ಸಿನಲ್ಲಿದೆ. ಆನಿಮೆಗೆ ಅಂಥ ನಾಯಕ ಸಲ್ಲ. ಅವನಿಗೆ ಸತೋಶಿ ಎಂಬ ಹೆಸರು ಬಂತು. ಆಟವನ್ನು ರಚಿಸಿದ ಸತೋಶಿ ತಜಿರಿಯ ಹೆಸರೇ ಅದು. ಹೊರದೇಶಗಳಲ್ಲಿ ಅವನೇ ಆಶ್ ಆದ. ಅವನಿಗೆ ದನಿ ಬಂತು, ಹಟ ಬಂತು, ಅಳು ಬಂತು. ಟೊಪ್ಪಿ, ಅಂಗಿ ಮುಂತಾದುವು ಆಟದ ಹುಡುಗನನ್ನು ನೆನಪಿಸುವಂತೆಯೇ ಇವೆ. ಆದರೂ ‘ನಾನು’ ಇದ್ದಲ್ಲಿ ‘ಅವನು’ ಬಂದು ಕೂತ. ಯಾವ ದರ್ಜಿಯ ನಿಷ್ಠೆಯೂ ಈ ಬಿರುಕನ್ನು ಹೊಲಿಯಲಾರದು.

‘ಪರ್ಸೋನಾ ೪’ ಎಂಬ ಇನ್ನೊಂದು ಆಟವಿದೆ. ಅಟ್ಲಸ್ ಸಂಸ್ಥೆಯದು, ೨೦೦೮ರಲ್ಲಿ ಬಂದದ್ದು. ಅಲ್ಲಿಯೂ ನಾಯಕನಿಗೆ ಹೆಸರಿಡುವವನು ಆಟಗಾರ. ಅವನ ಧೈರ್ಯ, ವಿದ್ಯೆ, ಶ್ರದ್ಧೆ ಮೊದಲಾದ ಗುಣಗಳು ಆಟಗಾರ ದಿನವನ್ನು ಹೇಗೆ ಕಳೆದ ಎಂಬುದರ ಮೇಲೆ ಹಂತಹಂತವಾಗಿ ಏರುತ್ತವೆ. ೨೦೧೧ರಲ್ಲಿ ಅದು ಆನಿಮೆಯಾದಾಗ ನಾಯಕ ಯು ನರುಕಾಮಿ ಎಂಬವನಾದ. ಅದಕ್ಕೆ ಮೊದಲೇ ಬಂದಿದ್ದ ಚಿತ್ರಪುಸ್ತಕದಲ್ಲಿ ಅವನ ಹೆಸರು ಬೇರೆಯೇ ಇತ್ತು. ಈ ಆನಿಮೆಯವರು ಒಂದು ಜಾಣತನ ಮಾಡಿದರು. ಕಂತಿನ ನಡುವೆ ಬರುವ ಚಿಕ್ಕ ವಿರಾಮಚಿತ್ರದಲ್ಲಿ ಆಟದ ಗುಣಪಟ್ಟಿಯನ್ನೇ ತೋರಿಸಿ, ನಾಯಕನ ಗುಣಗಳು ಹಂತವೇರುವುದನ್ನು ಕಾಣಿಸಿದರು. ಮುಖ ಹೋಲುತ್ತದೆಯೆ ಎಂದು ಕೇಳುವವನಿಗೆ ಇದು ಗೌಣ. ಆದರೆ ಆಡಿದವನಿಗೆ ಒಳಗೆ ಏನೋ ಮುಟ್ಟಿದಂತಾಗುತ್ತದೆ. ಅವನು ಪಟ್ಟ ಶ್ರಮದ ನೆನಪು ಅಲ್ಲಿದೆ. ಕಂಡ ರೂಪಕ್ಕೆ ತೋರಿಸುವ ನಿಷ್ಠೆ ಒಂದು, ಮಾಡಿದ ಕೆಲಸದ ನೆನಪಿಗೆ ತೋರಿಸುವ ನಿಷ್ಠೆ ಇನ್ನೊಂದು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಹಾಗಾದರೆ ರೂಪವನ್ನು ಅಷ್ಟಕ್ಕಷ್ಟೇ ಇಳಿಸಿದರೆ ತೊಂದರೆಯೇನು? ಈ ಪ್ರಶ್ನೆಗೆ ಉತ್ತರ ಕಾರ್ಖಾನೆಯಲ್ಲಿದೆ. ಇಂದಿನ ಆಟದಲ್ಲಿ ಒಂದು ಪಾತ್ರವನ್ನು ಗಣಕದಲ್ಲಿ ಒಮ್ಮೆ ಬೊಂಬೆಯಂತೆ ಕಟ್ಟಿದರೆ ಸರಿ. ಆಮೇಲೆ ಅದನ್ನು ಯಾವ ಕಡೆಗೆ ಬೇಕಾದರೂ ತಿರುಗಿಸಬಹುದು. ಕವಚದ ಮೇಲೆ ನೂರು ಹೂ ಕೆತ್ತಿದ್ದರೆ ಆ ನೂರೂ ಬೊಂಬೆಯ ಜೊತೆಗೇ ತಿರುಗುತ್ತವೆ; ಯಂತ್ರ ಸೆಕೆಂಡಿಗೆ ೩೦ ಸಲವೋ ೬೦ ಸಲವೋ ಅವನ್ನು ತಾನೇ ಬರೆಯುತ್ತದೆ. ಕೈಯಿಂದ ಬರೆಯುವ ಆನಿಮೆಯಲ್ಲಿ ಹಾಗಲ್ಲ. ಚಿತ್ರಸುರುಳಿ ಸೆಕೆಂಡಿಗೆ ೨೪ ಚೌಕಗಳಂತೆ ಓಡುತ್ತದೆ. ಒಂದೊಂದು ಚಿತ್ರವನ್ನು ಎರಡು ಮೂರು ಚೌಕಗಳ ಕಾಲ ನಿಲ್ಲಿಸಿದರೂ ಸೆಕೆಂಡಿಗೆ ಎಂಟೋ ಹನ್ನೆರಡೋ ಚಿತ್ರ ಬೇಕು. ಒಸಾಮು ತೆಜುಕಾ ೧೯೬೩ರಲ್ಲಿ ‘ತೆತ್ಸುವಾನ್ ಅತೋಮು’ ಎಂಬ ಧಾರಾವಾಹಿಯನ್ನು ವಾರವಾರ ಟೆಲಿವಿಷನ್ನಿಗೆ ಕೊಡಲು ತೊಡಗಿದಾಗಿನಿಂದ ಜಪಾನೀಯರು ಈ ಮಿತವ್ಯಯವನ್ನು ಒಂದು ಕಲೆಯನ್ನಾಗಿ ಬೆಳೆಸಿದ್ದಾರೆ. ಈ ಲೆಕ್ಕದಲ್ಲಿ ಕವಚದ ನೂರು ಹೂ ಎಂದರೆ, ಆ ಪಾತ್ರ ಕೈ ಎತ್ತಿದಾಗಲೆಲ್ಲ, ತಲೆ ತಿರುಗಿಸಿದಾಗಲೆಲ್ಲ, ಯಾರೋ ಒಬ್ಬರು ಮತ್ತೆ ನೂರು ಹೂ ಬರೆಯಬೇಕು. ಬರೆಯುವವರು ಒಬ್ಬರಲ್ಲ, ಹತ್ತಾರು ಕೈ. ಎಲ್ಲ ಕೈಗಳೂ ಒಂದೇ ಮುಖವನ್ನು ಬರೆಯಬೇಕಾದ್ದರಿಂದ ಎದುರಿನಿಂದ, ಪಕ್ಕದಿಂದ, ಬೆನ್ನಿನಿಂದ ಪಾತ್ರ ಹೇಗೆ ಕಾಣುತ್ತದೆ ಎಂಬ ಮಾದರಿ ಹಾಳೆಗಳನ್ನು ಮೊದಲೇ ಸಿದ್ಧಪಡಿಸುತ್ತಾರೆ. ಆಗ ಗೆರೆಗಳನ್ನು ಕಡಮೆ ಮಾಡಲೇಬೇಕು. ನೂರು ಹೂವಿನಲ್ಲಿ ಆರು ಉಳಿದಾವು.

ನೋಡುವವನು ಇದನ್ನು ಸೋಮಾರಿತನವೆನ್ನುತ್ತಾನೆ. ಚಿತ್ರಕಾರರ ಕೂಲಿ ಕಡಮೆ, ದುಡಿಮೆಯ ಗಂಟೆಗಳು ದೀರ್ಘ ಎಂಬುದು ಜಪಾನಿನಲ್ಲೇ ಬಹುಕಾಲದಿಂದ ಚರ್ಚೆಯಾಗುತ್ತಿರುವ ಸಂಗತಿ. ಗುಂಡಿಗಳು ಲೆಕ್ಕಕ್ಕೆ ಸರಿಯಾಗಿ ಇರಬೇಕೆಂದು ಹಟ ಹಿಡಿಯುವ ನಾವು ನಿಜವಾಗಿ ಕೇಳುತ್ತಿರುವುದು ಇನ್ನೊಬ್ಬರ ರಾತ್ರಿಗಳನ್ನು. ಮೂಲದ ಋಣ ತೀರಿಸಬೇಕಾದದ್ದು ಸರಿಯೆ. ಆ ಋಣವನ್ನು ಯಾರ ನಿದ್ದೆಯಿಂದ ತೀರಿಸಬೇಕು ಎಂಬುದನ್ನೂ ಕೇಳಬೇಡವೆ?

ಇನ್ನು ಹೋಲಿಕೆಯ ಒಳಗೇ ಒಂದು ವಿಚಿತ್ರವಿದೆ. ಎದುರು ದಿಕ್ಕಿನಿಂದ ನೋಡಿದರೆ ಅದು ತಿಳಿದೀತು. ಯೋಕೊಹಾಮಾದ ಆರ್ಕ್ ಸಿಸ್ಟಮ್ ವರ್ಕ್ಸ್ ಎಂಬ ಸಂಸ್ಥೆ ೨೦೧೪ರಲ್ಲಿ ‘ಗಿಲ್ಟಿ ಗಿಯರ್’ ಮಾಲೆಯ ಹೊಸ ಆಟವೊಂದನ್ನು ತಂದಿತು. ೨೦೧೮ರಲ್ಲಿ ‘ಡ್ರ್ಯಾಗನ್ ಬಾಲ್’ ಆನಿಮೆಯ ವೀರರನ್ನು ಅದೇ ಜಾಡಿನಲ್ಲಿ ಆಟಕ್ಕಿಳಿಸಿತು. ಗಣಕದ ಬೊಂಬೆಗಳು ಕೈಚಿತ್ರದ ಹಾಗೆ ಕಾಣಬೇಕೆಂಬುದು ಅವರ ಹಟ. ಅದಕ್ಕೆ ಅವರು ಮಾಡಿದ್ದೇನು? ಯಂತ್ರ ತಾನೇ ತುಂಬಿಕೊಡುತ್ತಿದ್ದ ನಡುವಣ ಚಲನೆಗಳನ್ನು ಕೈಬಿಟ್ಟರು. ಚಲನೆ ಆನಿಮೆಯಂತೆ ತಡೆತಡೆದು ಬರಲೆಂದು ಭಂಗಿಭಂಗಿಯಾಗಿ ನಿಲ್ಲಿಸಿದರು. ಬೆಳಕಿನ ನಿಯಮದಂತೆ ತಾನಾಗಿ ಬೀಳುವ ನೆರಳನ್ನು ತಡೆದು, ಚಿತ್ರಕಾರ ಎಲ್ಲಿ ಹಾಕುತ್ತಿದ್ದನೋ ಅಲ್ಲೇ ಬೀಳುವಂತೆ ಮೇಲ್ಮೈಯ ಲೆಕ್ಕಗಳನ್ನು ಕೈಯಾರೆ ತಿದ್ದಿದರು. ಮುಷ್ಟಿ ಮುಂದಕ್ಕೆ ಬಂದಾಗ ಭೀಕರವಾಗಿ ಕಾಣಲೆಂದು ಕೈಯನ್ನೇ ಹಿಗ್ಗಿಸಿದರು. ಪಕ್ಕಕ್ಕೆ ಹೋಗಿ ನೋಡಿದರೆ ಆ ಬೊಂಬೆ ವಿಕಾರ. ಎದುರಿಗೆ ನಿಂತು ನೋಡಿದರೆ ಅದೇ ಸರಿ. ಹೋಲಿಕೆಯನ್ನು ಪಡೆಯಲು ಅವರು ಅಳತೆಯನ್ನು ಮುರಿಯಬೇಕಾಯಿತು. ಶಂಕುಕನ ಕುದುರೆ ಇಲ್ಲಿಯೂ ಮೇಯುತ್ತಿದೆ: ಅದು ನಿಜವಾದ ಕುದುರೆಯ ಅಳತೆಯಿಂದ ಕುದುರೆಯಾದದ್ದಲ್ಲ, ನೋಡುವವನಲ್ಲಿ ಕುದುರೆಯ ಅರಿವನ್ನು ಹುಟ್ಟಿಸಿದ್ದರಿಂದ ಆದದ್ದು.

ಅಕ್ಷರಶಃ ನಿಷ್ಠೆಯ ಪ್ರಯತ್ನವೂ ನಡೆದಿದೆ. ೨೦೧೩ರ ಅಕ್ಟೋಬರಿನಲ್ಲಿ ‘ಪೊಕೆಮಾನ್: ದಿ ಆರಿಜಿನ್’ ಎಂಬ ನಾಲ್ಕು ಕಂತಿನ ಆನಿಮೆ ಬಂತು. ಇಲ್ಲಿನ ನಾಯಕ ಸತೋಶಿಯಲ್ಲ, ಆಟದ ಮೂಲ ನಾಯಕನಾದ ರೆಡ್. ಹಳೆಯ ಆಟವನ್ನು ಆಡಿ ಬೆಳೆದವರ ಕಣ್ಣು ತುಂಬುವಂತೆ, ಕಥೆಯ ನಡುನಡುವೆ ಆಟದ ಬರಹದ ಪೆಟ್ಟಿಗೆಗಳೇ ಮೂಡುತ್ತವೆ. ಆದರೆ ಹತ್ತಾರು ಗಂಟೆಗಳ ಪ್ರಯಾಣ ನಾಲ್ಕು ಕಂತಿಗೆ ಇಳಿದಾಗ ಆಟಗಾರ ಕಾಡಿನಲ್ಲಿ ದಾರಿ ತಪ್ಪಿ ಅಲೆದ ಹೊತ್ತು, ಸೋತು ಮತ್ತೆ ಬಂದ ಸಂಜೆಗಳು ಬಿಟ್ಟುಹೋದವು. ಜೊತೆಗೆ ಕೊನೆಯ ಕಂತಿನಲ್ಲಿ, ೧೯೯೬ರ ಆಟದಲ್ಲಿ ಇಲ್ಲವೇ ಇಲ್ಲದ ಒಂದು ರೂಪಾಂತರ ತಲೆಹಾಕುತ್ತದೆ; ಅದು ಆ ತಿಂಗಳೇ ಮಾರುಕಟ್ಟೆಗೆ ಬಂದ ಹೊಸ ಆಟದ ಆಕರ್ಷಣೆ! ಹಳೆಯ ಭಕ್ತಿಯ ಗುಡಿಯಲ್ಲಿ ಹೊಸ ಅಂಗಡಿ. ಇದನ್ನು ಹೇಳುವುದು ಹಂಗಿಸುವುದಕ್ಕಲ್ಲ. ರೂಪ ಎಲ್ಲೆಡೆಯೂ ಒಂದೇ ಇರಬೇಕೆಂಬ ಆಗ್ರಹ ಯಾವಾಗಲೂ ಭಕ್ತರದೇ ಆಗಿರುವುದಿಲ್ಲ, ವ್ಯಾಪಾರದ್ದೂ ಆಗಿರುತ್ತದೆ ಎಂಬುದನ್ನು ನೆನಪಿಡಬೇಕು. ಚೀಲದ ಮೇಲೆ, ಲೋಟದ ಮೇಲೆ, ಪರದೆಯ ಮೇಲೆ ಒಂದೇ ಮುಖ ಕಾಣಬೇಕೆಂಬುದು ಮುದ್ರೆಯ ಏಕರೂಪತೆ. ನಿಷ್ಠೆಗೆ ಅದರ ಹೆಸರಿಡುವುದು ಬೇಡ.

ಇದಕ್ಕೆ ಪ್ರತಿಯಾಗಿ ‘ಸೈಬರ್‌ಪಂಕ್: ಎಡ್ಜ್‌ರನ್ನರ್ಸ್’ ಅನ್ನು ನೋಡಬಹುದು. ಪೋಲೆಂಡಿನ ಸಿ. ಡಿ. ಪ್ರಾಜೆಕ್ಟ್ ರೆಡ್ ಸಂಸ್ಥೆಯ ಆಟ ೨೦೨೦ರ ಡಿಸೆಂಬರಿನಲ್ಲಿ ಬಂದು, ದೋಷಗಳ ಕಾರಣದಿಂದ ಬಹಳ ಟೀಕೆಗೆ ಗುರಿಯಾಗಿತ್ತು. ೨೦೨೨ರ ಸೆಪ್ಟೆಂಬರಿನಲ್ಲಿ ಜಪಾನಿನ ಟ್ರಿಗರ್ ಚಿತ್ರಶಾಲೆ ಹಿರೊಯುಕಿ ಇಮಾಯಿಶಿಯ ನಿರ್ದೇಶನದಲ್ಲಿ ಹತ್ತು ಕಂತಿನ ಆನಿಮೆಯನ್ನು ಕೊಟ್ಟಿತು. ಆಟದ ಜನ ಫೋಟೋದಂತೆ ನೈಜ. ಆನಿಮೆಯ ಜನ ಚೂಪುಗೆರೆ, ಚಪ್ಪಟೆ ಬಣ್ಣ. ಕಥೆಯ ನಾಯಕ ಡೇವಿಡ್, ನಾಯಿಕೆ ಲೂಸಿ ಇಬ್ಬರೂ ಹೊಸಬರು. ಹೋಲಿಕೆಯನ್ನು ಇವರು ಮುಖದಲ್ಲಿ ಇಡಲಿಲ್ಲ, ಊರಿನಲ್ಲಿ ಇಟ್ಟರು. ನೈಟ್ ಸಿಟಿಯ ಬೀದಿಗಳು, ಕಟ್ಟಡಗಳು, ದೂರವಾಣಿ ಕರೆ ಬಂದಾಗ ಕಣ್ಣೆದುರು ಮೂಡುವ ಚೌಕ, ಅದರ ಸದ್ದು—ಇವು ಆಟದವೇ. ಆಡಿದವನು ‘ಈ ತಿರುವಿನಲ್ಲಿ ನಾನೂ ನಿಂತಿದ್ದೆ’ ಎನ್ನುತ್ತಾನೆ. ‘ನಾನು’ ಎಂಬವನ ಜಾಗವನ್ನು ಯಾರೂ ಕಿತ್ತುಕೊಂಡಿಲ್ಲ; ಪಕ್ಕದ ಮನೆಯವನ ದುಃಖವನ್ನು ಕೇಳಿದಂತಾಯಿತು, ಅಷ್ಟೆ. ಆ ಆನಿಮೆ ಬಂದ ಮೇಲೆ ಜನ ಗುಂಪುಗುಂಪಾಗಿ ಮತ್ತೆ ಆಟಕ್ಕೆ ಹೋದರು; ಹೋದವರಿಗೆ ತೊಡಲು ಡೇವಿಡನ ಹಳದಿ ಅಂಗಿ ಆಟದೊಳಗೇ ಕಾದಿತ್ತು.

ಹೀಗೆ ನಕಲು ಮೂಲಕ್ಕೆ ಕೊಡುವುದೂ ಉಂಟು. ಪೊಕೆಮಾನ್ ಆನಿಮೆಯಲ್ಲಿ ಪಿಕಾಚು ಚೆಂಡಿನೊಳಗೆ ಹೋಗಲು ಒಲ್ಲದೆ ಹುಡುಗನ ಜೊತೆ ನಡೆದುಕೊಂಡೇ ಬಂತು. ಮೊದಲ ಆಟದಲ್ಲಿ ಅಂಥ ಹಟಕ್ಕೆ ಎಡೆಯೇ ಇರಲಿಲ್ಲ. ೧೯೯೮ರ ಸೆಪ್ಟೆಂಬರಿನಲ್ಲಿ ಹಳದಿ ಪಾಠ ಬಂದಾಗ ಆಟದ ಪಿಕಾಚುವೂ ಚೆಂಡನ್ನು ಬಿಟ್ಟು ಆಟಗಾರನ ಹಿಂದೆ ನಡೆಯತೊಡಗಿತು. ಯಂತ್ರದ ಕೀಚುದನಿಯ ಬದಲು ಆನಿಮೆಯಲ್ಲಿ ಅದಕ್ಕೆ ಕಂಠ ಕೊಟ್ಟ ಇಕುಎ ಓತಾನಿಯವರ ದನಿಯಲ್ಲಿ ಕೂಗಿತು. ಮಗ ಅಪ್ಪನನ್ನು ಹೋಲಬೇಕೆಂದು ಎಲ್ಲರೂ ಕಾದಿದ್ದಾಗ ಅಪ್ಪನೇ ಮಗನ ನಡಿಗೆ ಕಲಿತ. ಋಣವೆಂಬುದು ಒಂದೇ ದಿಕ್ಕಿಗೆ ಹರಿಯುವ ಹೊಳೆಯಲ್ಲ.

ಇಷ್ಟು ಹೊತ್ತು ಹೇಳಿದ್ದು, ರೂಪ ಬದಲಾದರೂ ಬದಲಾಗಬಹುದು ಎಂಬ ಮಾತು. ಬದಲಾಗಲೇಬೇಕಾದ ಪ್ರಸಂಗವೂ ಉಂಟೆ? ಉಂಟು. ಮೊದಲ ನೂರೈವತ್ತು ಚಿಲ್ಲರೆ ಪ್ರಾಣಿಗಳಲ್ಲಿ ಜಿಂಕ್ಸ್ ಎಂಬುದೊಂದು: ಹೆಣ್ಣಿನ ಆಕಾರ, ಕಡುಕಪ್ಪು ಮುಖ, ದಪ್ಪ ತುಟಿ, ಹೊಂಬಣ್ಣದ ಕೂದಲು. ೨೦೦೦ದಲ್ಲಿ ಅಮೆರಿಕದ ಲೇಖಕಿ ಕ್ಯಾರಲ್ ಬಾಸ್ಟನ್ ವೆದರ್‌ಫರ್ಡ್ ಇದನ್ನು ಎತ್ತಿ ಆಡಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು, ತುಟಿಯನ್ನು ಹಿಗ್ಗಿಸಿಕೊಂಡು ಕರಿಯರನ್ನು ಹಾಸ್ಯ ಮಾಡುತ್ತಿದ್ದ ವೇಷ ಅಲ್ಲಿನವರ ನೆನಪಿನಲ್ಲಿ ಇನ್ನೂ ಉರಿಯುತ್ತದೆ. ಬರೆದವರ ಮನಸ್ಸಿನಲ್ಲಿ ಅದು ಇತ್ತೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ನೋಡಿದ ಮಗುವಿನ ಮುಖಕ್ಕೆ ಏನಾಯಿತು ಎಂಬುದು ಮುಖ್ಯ. ಮುಂದಿನ ವರ್ಷಗಳಲ್ಲಿ ಆಟದಲ್ಲೂ ಆನಿಮೆಯಲ್ಲೂ ಜಿಂಕ್ಸಿನ ಮುಖ ನೇರಳೆಯಾಯಿತು. ಮೂಲ ಕೆಟ್ಟಿತು ಎಂದು ಗೊಣಗುವವರು ಇದ್ದಾರು. ನನ್ನ ಮಟ್ಟಿಗೆ ಹೇಳುವುದಾದರೆ, ಗೆರೆಯ ಮೇಲಿನ ನಿಷ್ಠೆ ಒಂದು ಗಾಯವನ್ನು ಮತ್ತೆ ಮತ್ತೆ ಕೆರೆಯುವುದಾದರೆ ಅದು ನಿಷ್ಠೆಯೆಂಬ ಹೆಸರಿಗೆ ತಕ್ಕುದಲ್ಲ. ಚಿತ್ರಕ್ಕೆ ನೋವಾಗದು; ಮನುಷ್ಯರಿಗೆ ಆಗುತ್ತದೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಸೂಕ್ಷ್ಮ. ೧೯೯೭ರ ಡಿಸೆಂಬರ್ ೧೬ರ ಸಂಜೆ ಪೊಕೆಮಾನ್ ಆನಿಮೆಯ ಮೂವತ್ತೆಂಟನೆಯ ಕಂತು ಪ್ರಸಾರವಾಯಿತು. ಗಣಕದ ಲೋಕದೊಳಗೆ ನಡೆಯುವ ಕಥೆ. ಪೊರಿಗಾನ್ ಎಂಬ ಹೊಸ ಪ್ರಾಣಿ ಅದರ ವಿಶೇಷ. ಒಂದು ಘಟ್ಟದಲ್ಲಿ ಬೆನ್ನಟ್ಟಿ ಬರುವ ಕ್ಷಿಪಣಿಗಳಿಗೆ ಪಿಕಾಚು ಮಿಂಚು ಹೊಡೆಯುತ್ತದೆ. ಆ ಸ್ಫೋಟವನ್ನು ತೋರಲು ಪರದೆಯ ತುಂಬ ಕೆಂಪು ನೀಲಿ ಬೆಳಕನ್ನು ಸೆಕೆಂಡಿಗೆ ಸುಮಾರು ಹನ್ನೆರಡು ಸಲ ಮಿನುಗಿಸಿದರು. ನೋಡುತ್ತಿದ್ದ ಮಕ್ಕಳಿಗೆ ತಲೆ ಸುತ್ತಿತು, ಕೆಲವರಿಗೆ ಸೆಳವು ಬಂತು. ಆರುನೂರಕ್ಕೂ ಹೆಚ್ಚು ಜನರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಧಾರಾವಾಹಿ ನಾಲ್ಕು ತಿಂಗಳು ನಿಂತಿತು. ಮಿನುಗುವ ಬೆಳಕಿಗೆ ಜಪಾನಿನ ಪ್ರಸಾರಕರು ನಿಯಮಗಳನ್ನು ಮಾಡಿಕೊಂಡರು. ಆಟದ ಬೂದುಪರದೆಯಲ್ಲಿ ಸುಳಿದು ಮಾಯವಾಗುತ್ತಿದ್ದ ಮಿಂಚಿಗೆ ಬಣ್ಣ, ಉಜ್ವಲತೆ ಎರಡೂ ಬಂದಾಗ ಅದು ಕಣ್ಣಿನ ಮೇಲೆ ಮಾಡುವ ಕೆಲಸವೇ ಬೇರೆ ಎಂಬುದು ಅಂದು ತಿಳಿಯಿತು. ಮಾಧ್ಯಮ ಬದಲಾದರೆ ಹೊಣೆಯೂ ಬದಲಾಗುತ್ತದೆ.

ನನ್ನನ್ನು ಕಾಡುವುದು ಆಮೇಲಿನ ಕಥೆ. ಮಿಂಚು ಹೊಡೆದದ್ದು ಪಿಕಾಚು. ಆದರೆ ಧಾರಾವಾಹಿ ಮರಳಿ ಬಂದಾಗ ಪಿಕಾಚು ಎಂದಿನಂತೆ ಮುಂದೆ ನಡೆಯಿತು. ಪೊರಿಗಾನ್ ಮತ್ತೆ ಮುಖ್ಯಪಾತ್ರವಾಗಿ ಬರಲೇ ಇಲ್ಲ. ಚಿತ್ರದ ಪ್ರಾಣಿಗೆ ನ್ಯಾಯವೇನು ಅನ್ಯಾಯವೇನು ಎಂದು ಕೇಳಬಹುದು. ಪ್ರಾಣಿಗಾಗಿ ನಾನೂ ಮರುಗುತ್ತಿಲ್ಲ. ಆದರೆ ನಮ್ಮ ಕಣ್ಣಿನ ಸ್ವಭಾವವನ್ನು ಆ ಘಟನೆ ಹೇಳುತ್ತದೆ. ಪ್ರೀತಿಸಿದ ಮುಖದ ಮೇಲೆ ತಪ್ಪು ಹೊರಿಸಲು ಕಣ್ಣು ಒಲ್ಲದು. ಪರಿಚಯವಿಲ್ಲದ ಮುಖ ಪಕ್ಕದಲ್ಲಿ ನಿಂತಿದ್ದರೆ ಹೊರೆಯನ್ನು ಅದರ ಹೆಗಲಿಗೆ ದಾಟಿಸುತ್ತದೆ. ಪರದೆಯಲ್ಲಿ ಇದನ್ನು ಮಾಡಿದ ಕಣ್ಣೇ ಬೀದಿಯಲ್ಲೂ, ಮನೆಯಲ್ಲೂ, ತರಗತಿಯಲ್ಲೂ ಮಾಡುತ್ತದೆ. ರೂಪದ ಮೇಲಿನ ಮೋಹ ನಿರಪರಾಧಿಯಾದದ್ದಲ್ಲ ಎಂದು ನಾನು ಹೇಳುವುದು ಇದಕ್ಕೇ.

ಹಾಗಾದರೆ ‘ಅವನೇ ಇವನು’ ಎಂದು ಒಪ್ಪಿಕೊಳ್ಳುವುದು ಹೇಗೆ? ವೇದಾಂತಿಗಳು ಹೇಳುವ ದೇವದತ್ತನ ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಿಂದೆ ಬೇರೊಂದು ಊರಿನಲ್ಲಿ ಕಂಡ ದೇವದತ್ತನನ್ನು ಇಂದು ಇಲ್ಲಿ ಕಂಡು ‘ಆ ದೇವದತ್ತನೇ ಈತ’ ಎನ್ನುತ್ತೇವೆ. ಅಂದಿನ ಊರು, ಅಂದಿನ ಕಾಲ ಇಂದಿನವಕ್ಕೆ ವಿರುದ್ಧ. ಎರಡನ್ನೂ ಹಿಡಿದರೆ ಮಾತು ಕೂಡುವುದಿಲ್ಲ. ವಿರುದ್ಧವಾದ ಭಾಗವನ್ನು ಬಿಟ್ಟು, ಉಳಿದ ವ್ಯಕ್ತಿಯನ್ನು ಹಿಡಿದಾಗಲೇ ಗುರುತು ಸಿಕ್ಕುತ್ತದೆ. ಏನನ್ನೂ ಬಿಡಲಾರೆ ಎಂಬವನಿಗೆ ಗುರುತು ಎಂದೂ ಸಿಕ್ಕದು. ಎಲ್ಲವನ್ನೂ ಬಿಟ್ಟವನಿಗೆ ಗುರುತಿಸಲು ಏನೂ ಉಳಿಯದು. ಆಟವನ್ನು ಆನಿಮೆ ಮಾಡುವವನ ಕಷ್ಟವೆಲ್ಲ ಇದೇ: ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು. ಗುಂಡಿಗಳನ್ನು ಬಿಡಬಹುದು, ಕಪ್ಪು ಮುಖವನ್ನು ಬಿಡಲೇಬೇಕು, ಆಡಿದವನು ಕಳೆದ ಹೊತ್ತಿನ ನೆನಪನ್ನು ಮಾತ್ರ ಹೇಗಾದರೂ ಹಿಡಿಯಬೇಕು.

ಈ ವಿವೇಕಕ್ಕೆ ಸೂತ್ರವಿಲ್ಲ, ಆದರೆ ಒಂದು ಕ್ರಮವಿದೆ ಎಂದು ನನ್ನ ಭಾವನೆ. ಎಲ್ಲಕ್ಕಿಂತ ಮೊದಲಿನ ಋಣ ಜೀವಂತ ಮನುಷ್ಯರದು: ನೋಡುವ ಮಗುವಿನದು, ಬರೆಯುವ ಕೈಯದು. ಎರಡನೆಯದು ಆಡಿದವನ ಅನುಭವದ್ದು. ಗೆರೆಯ ಋಣ ಮೂರನೆಯದು. ಮೂರನೆಯದೆಂದ ಮಾತ್ರಕ್ಕೆ ಅದು ಸುಳ್ಳು ಋಣವಲ್ಲ. ಮೊದಲೆರಡಕ್ಕೆ ಅಡ್ಡಬಾರದಿದ್ದಲ್ಲಿ ಅದನ್ನೂ ಪೈಸೆಪೈಸೆಗೆ ತೀರಿಸಬೇಕು. ಒಬ್ಬ ಕಲಾವಿದ ೫೬ ಚುಕ್ಕಿಗಳ ಇಕ್ಕಟ್ಟಿನಲ್ಲಿ ಕೂತು ಒಂದು ಕಿವಿ ಎಷ್ಟು ಓರೆಯಾಗಿರಬೇಕೆಂದು ಯೋಚಿಸಿದ್ದನ್ನು ಕಾರಣವಿಲ್ಲದೆ ಅಳಿಸಿಹಾಕುವುದು ಉಡಾಫೆ. ದೂರುವ ಹುಡುಗರಿಗೆ ನಾನು ಹೇಳುವುದೂ ಇಷ್ಟೆ: ‘ಹಾಗೆ ಇಲ್ಲ’ ಎಂದು ನಿಮಗೆ ನೋವಾದದ್ದು ಸುಳ್ಳಲ್ಲ. ಆದರೆ ಆ ನೋವು ಗೆರೆಯದೋ, ನೀವು ಅಲ್ಲಿ ಕಳೆದ ಕಾಲದ್ದೋ ಎಂದು ಒಮ್ಮೆ ಕೇಳಿಕೊಳ್ಳಿ. ಗೆರೆಯದಾದರೆ ಇನ್ನೊಬ್ಬ ಚಿತ್ರಕಾರ ಅದನ್ನು ನಾಳೆ ತಿದ್ದಿಯಾನು. ಕಾಲದ್ದಾದರೆ ಯಾವ ಚಿತ್ರಶಾಲೆಯೂ ಅದನ್ನು ಮರಳಿ ತಂದುಕೊಡಲಾರದು. ಅದಕ್ಕಾಗಿ ಅವರ ಮೇಲೆ ಕೋಪಿಸಿಕೊಳ್ಳುವುದೂ ನ್ಯಾಯವಲ್ಲ.